ದಾಕ್ಷಾಯಣಮ್ಮನ ಧ್ವನಿಯಲ್ಲಿ ಜರ್ಮನ್ ವಾರ್ತೆ

ಪಂಚಾಕ್ಷರಯ್ಯನವರು ಟವೆಲ್ಲನ್ನು ಎಳೆದ ರೀತಿ ನೋಡಿದರೆ ಅದರಡಿ ಯಾರಾದರೂ ಮಹನೀಯರ ಪ್ರತಿಮೆ ಇರಬೇಕು ಅನ್ನಿಸುತ್ತಿತ್ತು. ಇದ್ದದ್ದು ಒಂದು ತಗಡಿನ ಪೆಟ್ಟಿಗೆ. ಅದರ ನೆತ್ತಿಯ ಮೇಲೆ ಎರಡು ಕೆಂಪು ದೀಪ, ಬೆನ್ನಿನಿಂದ ಟಿವಿಗೆ ಹೋಗುವ ನಾಲ್ಕು ವೈರು, ಎದುರಿಗೆ ಹಳೇ ಸ್ಪೀಕರು.

“ಇದರ ಹೆಸರು ದುಭಾಷಿ” ಅಂದರು ಅವರು.

ನೋಡಲು ಕೂತವರು ಇಬ್ಬರೇ. ಒಬ್ಬರು ಅವರ ಹೆಂಡತಿ ಸರ್ವಮಂಗಳ, ಮಡಿಲಲ್ಲಿ ಹುಣಸೆಹಣ್ಣಿನ ಬುಟ್ಟಿ ಇಟ್ಟುಕೊಂಡು ಬೀಜ ಬಿಡಿಸುತ್ತಿದ್ದರು. ಇನ್ನೊಬ್ಬರು ಪಕ್ಕದ ಮನೆಯ ದಾಕ್ಷಾಯಣಮ್ಮ.

ಈ ದಾಕ್ಷಾಯಣಮ್ಮನ ಬಗ್ಗೆ ಮೊದಲು ಹೇಳಬೇಕು. ಹರಿಹರದ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಹೇಳಿದವರು ಅವರು. ಮುಖ ನೋಡಿ ಗುರುತು ಹಿಡಿಯದವರು ಕೂಡ ಅವರು ತರಕಾರಿ ಅಂಗಡಿಯಲ್ಲಿ “ಬೆಂಡೆಕಾಯಿ ಹೆಂಗೆ” ಅಂದರೆ ತಟ್ಟನೆ ತಿರುಗಿ ನೋಡುತ್ತಿದ್ದರು. ರಾಣೇಬೆನ್ನೂರು ಬಸ್ಸು ಎರಡನೇ ಪ್ಲಾಟ್‌ಫಾರಂ ಅಂತ ಅವರು ಹೇಳಿದರೆ ಅದು ಎರಡನೇ ಪ್ಲಾಟ್‌ಫಾರಮ್ಮಿಗೇ ಬರುತ್ತಿತ್ತು. ಅಷ್ಟು ವರ್ಷದಲ್ಲಿ ಒಂದೇ ಒಂದು ತಪ್ಪು ಪ್ರಕಟಣೆ ಅವರ ಬಾಯಿಂದ ಬಂದಿರಲಿಲ್ಲ. ನಿವೃತ್ತಿಯ ದಿನ ಡಿಪೋದವರು ಹಾರ ಹಾಕಿ, ಧ್ವನಿಯನ್ನು ರೆಕಾರ್ಡು ಮಾಡಿ ಇಟ್ಟುಕೊಂಡು ಕಳಿಸಿದ್ದರು. ಈಗಲೂ ನಿಲ್ದಾಣದಲ್ಲಿ ಕೇಳಿಸುವುದು ಅದೇ ರೆಕಾರ್ಡು.

ಪಂಚಾಕ್ಷರಯ್ಯನವರದು ಬೇರೆ ದಾರಿ. ಹೊಳೆದಂಡೆಯ ಯಂತ್ರದ ಕಾರ್ಖಾನೆಯಲ್ಲಿ ಟೂಲ್ ರೂಮಿನ ಫೋರ್‌ಮನ್ ಆಗಿದ್ದವರು. ವಯಸ್ಸಿನಲ್ಲಿದ್ದಾಗ ಕಂಪನಿ ಅವರನ್ನು ಎಂಟು ತಿಂಗಳ ತರಬೇತಿಗೆ ಜರ್ಮನಿಗೆ ಕಳಿಸಿತ್ತು. ಅವರು ಇಳಿದುಕೊಂಡ ಮನೆಯ ಮುದುಕಿ ದಿನಾ ಸಂಜೆ ಎಂಟಕ್ಕೆ ಟಿವಿ ಹಾಕಿ, ತುಟಿಯ ಮೇಲೆ ಬೆರಳಿಟ್ಟು, ಹದಿನೈದು ನಿಮಿಷ ಅಲುಗಾಡದೆ ವಾರ್ತೆ ಕೇಳುತ್ತಿದ್ದಳಂತೆ. ಇವರೂ ಪಕ್ಕದಲ್ಲಿ ಅಲುಗಾಡದೆ ಕೂರುತ್ತಿದ್ದರಂತೆ. ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಅವರು ಅಲ್ಲಿಂದ ತಂದ ಅಲಾರಾಂ ಗಡಿಯಾರ ಎಂದೋ ಕೆಟ್ಟುಹೋಯಿತು; ಆ ಟಿವಿಯವರು ಏನು ಹೇಳುತ್ತಿದ್ದರು ಅನ್ನುವ ಕುತೂಹಲ ಮಾತ್ರ ಕೆಡಲಿಲ್ಲ.

“ಜರ್ಮನ್ ಟಿವಿ ಇಂಟರ್ನೆಟ್ಟಿಂದ ಒಳಗೆ ಹೋಗ್ತೈತಿ, ಕನ್ನಡವಾಗಿ ಹೊರಗೆ ಬರ್ತೈತಿ. ಅಷ್ಟೇ” ಅಂದು ಅವರು ಗುಂಡಿ ಒತ್ತಿದರು.

ಪರದೆಯ ಮೇಲೆ ನೀಲಿ ಕೋಟು ತೊಟ್ಟ, ಹೊಂಬಣ್ಣದ ಕೂದಲಿನ ಹೆಂಗಸು ಮೂಡಿದಳು. ಅವಳು ಬಾಯಿ ತೆರೆದಳು.

“ಪ್ರಯಾಣಿಕರ ಗಮನಕ್ಕೆ. ಇಂದು ಸಂಸತ್ತಿನಲ್ಲಿ ಪಿಂಚಣಿ ಮಸೂದೆಯ ಮೇಲೆ ಚರ್ಚೆ ನಡೆಯಿತು.”

ಸರ್ವಮಂಗಳ ಹುಣಸೆಬೀಜವನ್ನು ಕೈಯಲ್ಲೇ ಹಿಡಿದು ಪಕ್ಕಕ್ಕೆ ತಿರುಗಿದರು. ದಾಕ್ಷಾಯಣಮ್ಮನ ಬಾಯಿ ಮುಚ್ಚಿಯೇ ಇತ್ತು.

“ಅಯ್ಯನೋರೆ, ಇದು ನನ್ನ ಧ್ವನಿ” ಅಂದರು ದಾಕ್ಷಾಯಣಮ್ಮ.

“ಹೌದ್ರಿ ಅಕ್ಕ. ಹೋದ ತಿಂಗಳು ನಿಮ್ಮ ಕಡೆಯಿಂದ ಹನ್ನೊಂದು ಗಂಟೆ ಓದಿಸಿದೆನಲ್ಲ, ಪೇಪರು, ಪಂಚಾಂಗ, ಬಸ್ಸಿನ ವೇಳಾಪಟ್ಟಿ.”

“ಅದು ಕಣ್ಣಿಲ್ಲದ ಮಕ್ಕಳ ಶಾಲೆಗೆ ಅಂದಿದ್ರಿ.”

“ಅಲ್ಲಿಗೂ ಒಂದು ಪ್ರತಿ ಕಳಿಸೀನಿ.”

ಪೆಟ್ಟಿಗೆಗೆ ಕಲಿಸಲು ಅವರಿಗೆ ಸಿಕ್ಕ ಧ್ವನಿಗಳು ಮೂರೇ. ಆದ್ದರಿಂದ ಜರ್ಮನಿಯ ಹೆಂಗಸರೆಲ್ಲ ದಾಕ್ಷಾಯಣಮ್ಮನ ಧ್ವನಿಯಲ್ಲಿ, ಗಂಡಸರೆಲ್ಲ ಪಂಚಾಕ್ಷರಯ್ಯನವರ ಧ್ವನಿಯಲ್ಲಿ ಮಾತಾಡುತ್ತಿದ್ದರು. ಮಂತ್ರಿಯೊಬ್ಬನಿಗೆ ಪತ್ರಕರ್ತನೊಬ್ಬ ಪ್ರಶ್ನೆ ಕೇಳಿದಾಗ ಪಂಚಾಕ್ಷರಯ್ಯನವರು ತಮ್ಮೊಂದಿಗೆ ತಾವೇ ಜಗಳಕ್ಕೆ ಬಿದ್ದಂತೆ ಇತ್ತು. ಸರ್ವಮಂಗಳ ಓದಲು ಒಪ್ಪದೆ ಹತ್ತು ನಿಮಿಷ ಗಂಡನನ್ನು ಬೈದಿದ್ದನ್ನೇ ಪೆಟ್ಟಿಗೆ ತೆಗೆದುಕೊಂಡಿತ್ತು. ಆ ಧ್ವನಿ ಮಕ್ಕಳಿಗೂ ಕಾರ್ಟೂನಿನ ಪ್ರಾಣಿಗಳಿಗೂ ಹೋಗಿತ್ತು.

“ಇದು ಅಲ್ಲಿಯ ಸರ್ಕಾರಿ ಟಿವಿಯಾ?” ಅಂತ ಸರ್ವಮಂಗಳ ಕೇಳಿದರು.

“ಸಾರ್ವಜನಿಕ ಟಿವಿ. ಸರ್ಕಾರದ್ದೂ ಅಲ್ಲ, ಸಾಹುಕಾರಂದೂ ಅಲ್ಲ. ಪ್ರತಿ ಮನೆಯವರು ತಿಂಗಳಿಗಿಷ್ಟು ಅಂತ ಕೊಟ್ಟು ನಡೆಸೋದು.”

“ಮತ್ತೆ ಚೆನ್ನಾಗಿಲ್ಲ ಅಂತ ಬೈಯೋರು ಯಾರು?”

“ಎಲ್ಲರೂ ಬೈತಾರೆ. ದುಡ್ಡು ಎಲ್ಲರದೂ ಅಲ್ಲೇನು.”

ಮೂರು ದಿನ ದಾಕ್ಷಾಯಣಮ್ಮ ಆ ಕಡೆ ಹೋಗಲಿಲ್ಲ. ನಾಲ್ಕನೇ ದಿನ ಹೋದರು, ತನ್ನ ಧ್ವನಿ ಏನೇನು ಹೇಳುತ್ತಿದೆ ಅಂತ ತಿಳಿದುಕೊಳ್ಳಲಿಕ್ಕೆ. ಅಲ್ಲಿ ಸರ್ವಮಂಗಳ ಆಗಲೇ ಎರಡು ಕಾರ್ಯಕ್ರಮಗಳಿಗೆ ಅಂಟಿಕೊಂಡಿದ್ದರು. ಒಂದರಲ್ಲಿ ಒಬ್ಬ ಮುದುಕ ಮುರಿದ ಕುರ್ಚಿಗಳನ್ನು ಮುಕ್ಕಾಲು ಗಂಟೆ ಉಜ್ಜುತ್ತಿದ್ದ. ಇನ್ನೊಂದರಲ್ಲಿ ಪೊಲೀಸ್ ಅಧಿಕಾರಿಣಿ ಒಬ್ಬಳು ಕಳ್ಳರನ್ನು ಹಿಡಿಯುತ್ತಿದ್ದಳು. ಅಂದರೆ ವಾರಕ್ಕೊಂದು ಸಲ ದಾಕ್ಷಾಯಣಮ್ಮನ ಧ್ವನಿ ಪಂಚಾಕ್ಷರಯ್ಯನವರ ಧ್ವನಿಗೆ ಕೈಕೋಳ ಹಾಕುತ್ತಿತ್ತು. ಸರ್ವಮಂಗಳ ಇದನ್ನು ಒಂದು ವಾರವೂ ತಪ್ಪಿಸಿಕೊಳ್ಳಲಿಲ್ಲ.

ಜರ್ಮನ್ ಮಾತಾಡುವ ದೇಶ ಒಂದೇ ಅಲ್ಲ ಅನ್ನುವುದು ದಾಕ್ಷಾಯಣಮ್ಮನಿಗೆ ಆಗ ತಿಳಿಯಿತು. ಆಸ್ಟ್ರಿಯಾದವರು, ಸ್ವಿಟ್ಜರ್ಲೆಂಡಿನವರು ಜೊತೆ ಸೇರಿ ನಡೆಸುವ ಚಾನೆಲ್ಲೂ ಒಂದಿತ್ತು. ಜರ್ಮನಿಯವರು ಮೈಸೂರಿನವರಂತೆ ನಿಧಾನಕ್ಕೆ ಮಾತಾಡಿದರೆ ಆಸ್ಟ್ರಿಯಾದ ರೈತ “ಎಲ್ಲಿಗ್ ಹೊಂಟೀ ತಮ್ಮಾ” ಅನ್ನುತ್ತಿದ್ದ. ಸ್ವಿಸ್ ಅಜ್ಜಿಯೊಬ್ಬಳು ಬಾಯಿ ಬಿಟ್ಟಾಗ ಬಂದದ್ದು ಶುದ್ಧ ಕುಂದಾಪುರ. “ಅವರ ಮಾತು ಜರ್ಮನಿಯವರಿಗೇ ಅರ್ಥ ಆಗಂಗಿಲ್ಲ ಅಕ್ಕ, ಕೆಳಗೆ ಅಕ್ಷರ ಹಾಕ್ತಾರೆ” ಅಂದರು ಪಂಚಾಕ್ಷರಯ್ಯ, ಅದನ್ನೂ ತಾವೇ ಮಾಡಿದವರ ಹಾಗೆ.

ತೊಂದರೆ ಶುರುವಾದದ್ದು ಹೆಸರುಗಳಿಂದ. ಆ ಊರಿನ ಹೆಸರುಗಳು ನಾಲಿಗೆಗೆ ಸಿಗುವುದಿಲ್ಲ ಅಂತ ಸರ್ವಮಂಗಳ ಗೊಣಗಿದರು. ಒಂದೇ ವಾರದಲ್ಲಿ ಪೆಟ್ಟಿಗೆಗೆ ಹೊಸ ತಿರುಗುಗುಂಡಿ ಬಂತು. ಅದನ್ನು ತಿರುಗಿಸಿದರೆ ಅಲ್ಲಿಯ ಊರಿಗೆ ಇಲ್ಲಿಯದೇ ಒಂದು ಹೆಸರು ಬೀಳುತ್ತಿತ್ತು. ಬಂದರು ಇದ್ದರೆ ಮಂಗಳೂರು, ರಾಜಧಾನಿ ಇದ್ದರೆ ಬೆಂಗಳೂರು, ದೊಡ್ಡ ನದಿಯೆಲ್ಲ ತುಂಗಭದ್ರೆ.

“ಇದು ಸುಳ್ಳು ಹೇಳಿದಂಗೆ ಆಗಲಿಲ್ವಾ?” ಅಂದರು ದಾಕ್ಷಾಯಣಮ್ಮ. “ನನ್ನ ಧ್ವನಿಯಾಗ ಹೇಳೋದು ಬೇರೆ.”

“ಅನುವಾದದಾಗ ಭಾವ ಮುಖ್ಯ ಅಕ್ಕ.”

“ಬಸ್ಸಿನ ವಿಷಯದಾಗ ಊರೇ ಮುಖ್ಯ.”

ಪಂಚಾಕ್ಷರಯ್ಯನವರು ನಕ್ಕರು. ಮನೆಯೊಳಗೆ ಮೂರು ಜನ ನೋಡುವ ಟಿವಿಗೆ ಇಷ್ಟೇಕೆ ಯೋಚನೆ ಅಂತ ಅವರ ನಗುವಿನ ಅರ್ಥ. ಆದರೆ ಅದು ಮೂರು ಜನರಿಗೇ ನಿಲ್ಲಲಿಲ್ಲ. ಕೇಬಲ್ ನಡೆಸುವ ಇಲಿಯಾಸ್ ಒಂದು ಮಧ್ಯಾಹ್ನ ವೈರು ನೋಡಲು ಬಂದವನು ಕುರ್ಚಿ ಉಜ್ಜುವ ಕಾರ್ಯಕ್ರಮದ ಮುಂದೆ ಕೂತುಬಿಟ್ಟ. ಅವನ ಕೈಯಲ್ಲಿ ಒಂದು ಲೋಕಲ್ ಚಾನೆಲ್ಲಿತ್ತು. ಅದರಲ್ಲಿ ಸೀರೆ ಅಂಗಡಿಯ ಜಾಹೀರಾತು ಮತ್ತು ಶ್ರದ್ಧಾಂಜಲಿ ಬಿಟ್ಟರೆ ಬೇರೇನೂ ಇರಲಿಲ್ಲ. ಮರುವಾರವೇ ದುಭಾಷಿಯ ಒಂದು ವೈರು ಗೋಡೆ ದಾಟಿ ಹೊರಗೆ ಹೋಯಿತು. ಬದಲಿಗೆ ಇಲಿಯಾಸ್ ತನ್ನ ಚಾನೆಲ್ಲಿನ ಮೈಕು, ಧ್ವನಿ ಬೆರೆಸುವ ಮಿಕ್ಸರು ಎಲ್ಲವನ್ನೂ ಕೊಟ್ಟ; ಪಂಚಾಕ್ಷರಯ್ಯನವರು ಅವನ್ನು ಬಿಚ್ಚಿ ಪೆಟ್ಟಿಗೆಯೊಳಗೆ ಸೇರಿಸಿದರು. ದಾಕ್ಷಾಯಣಮ್ಮನನ್ನು ಯಾರೂ ಕೇಳಲಿಲ್ಲ.

ಊರಿಗೆ ಅದು ಹಿಡಿಸಿತು. ಬೆಳಗ್ಗೆ ಹೊತ್ತು ಇಲಿಯಾಸ್ ಹಿಮದ ಬೆಟ್ಟಗಳನ್ನು ಮೆಲ್ಲಗೆ ತೋರಿಸುವ, ವಾದ್ಯ ನುಡಿಯುವ ಕಾರ್ಯಕ್ರಮ ಹಾಕುತ್ತಿದ್ದ. ಜನ ಸುಪ್ರಭಾತಕ್ಕೆ ಬದಲು ಅದನ್ನು ಹಚ್ಚಿಟ್ಟು ಮುಖ ತೊಳೆಯುತ್ತಿದ್ದರು. ಕಸ ವಿಂಗಡಿಸುವ ಬಗ್ಗೆ ಒಂದು ಸಾಕ್ಷ್ಯಚಿತ್ರ ಬಂದ ಮೇಲೆ ಹೊಸಪೇಟೆ ಬೀದಿಯ ಹೆಂಗಸರು ಕಸವನ್ನು ಐದು ಬಕೆಟ್ಟಿಗೆ ಹಾಕತೊಡಗಿದರು; ಕಸದ ಗಾಡಿಯವನು ಐದನ್ನೂ ಒಂದೇ ಕಡೆ ಸುರಿದುಕೊಂಡು ಹೋದ. ತುಂಗಭದ್ರೆ ಅಪಾಯದ ಮಟ್ಟ ಮೀರಿದೆ ಅಂತ ಕೇಳಿ ಇನ್ನೂರು ಜನ ಸೇತುವೆಯ ಮೇಲೆ ಹೋಗಿ ನಿಂತರು. ಕೆಳಗೆ ಎಮ್ಮೆಗಳು ಮೊಣಕಾಲು ನೀರಿನಲ್ಲಿ ನಿಂತಿದ್ದವು.

“ಅಕ್ಕ, ಸೋಮವಾರ ಹಿಮ ಬೀಳ್ತೈತಿ ಅಂದ್ರಲ್ಲ, ಟೊಮೇಟೊ ಕಿತ್ತುಬಿಡ್ಲಾ?” ಅಂತ ಸಂತೆಯಲ್ಲಿ ಒಬ್ಬ ಕೇಳಿದ ದಿನ ದಾಕ್ಷಾಯಣಮ್ಮ ಚೀಲವನ್ನು ಕೈಯಲ್ಲಿ ಹಿಡಿದೇ ನೇರ ಪಂಚಾಕ್ಷರಯ್ಯನವರ ಮನೆಗೆ ಹೋದರು.

“ನನ್ನ ಧ್ವನಿ ತೆಗೀರಿ.”

“ಬೇರೆ ಹೆಂಗಸರ ಧ್ವನಿ ಹನ್ನೊಂದು ಗಂಟೆ ಬೇಕಲ್ಲ ಅಕ್ಕ.”

“ಮಂಗಳಾ ಇಲ್ವಾ?”

“ಹನ್ನೊಂದು ಗಂಟೆ ನಾನು ಬೈಸ್ಕೋಬೇಕಾಗ್ತೈತಿ” ಅಂದರು ಅವರು. ಆದರೂ ದಾಕ್ಷಾಯಣಮ್ಮನ ಮುಖ ನೋಡಿ ಸೋಮವಾರದೊಳಗೆ ತೆಗೆಯುತ್ತೇನೆ ಅಂತ ಮಾತು ಕೊಟ್ಟರು. ಅವತ್ತು ಗುರುವಾರ, ಅಕ್ಟೋಬರ್ ತಿಂಗಳ ಕೊನೆಯ ವಾರ.

ಶನಿವಾರ ದಾಕ್ಷಾಯಣಮ್ಮ ಖಾರದಪುಡಿ ಮಾಡಿಸಲು ಗಿರಣಿಗೆ ಹೋಗಿ ಸಂಜೆಯವರೆಗೂ ಸಾಲಿನಲ್ಲಿ ಕೂತಿದ್ದರು. ಟಿವಿ ನೋಡಲಿಲ್ಲ.

ಭಾನುವಾರ ಬೆಳಗ್ಗೆ ಆರೂವರೆಯಾದರೂ ಹಾಲಿನವನು ಬರಲಿಲ್ಲ. ನಲ್ಲಿಯಲ್ಲಿ ನೀರೂ ಬರಲಿಲ್ಲ. ಏಳಕ್ಕೆ ಹೂವು ತರೋಣ ಅಂತ ದಾಕ್ಷಾಯಣಮ್ಮ ಮೂಲೆಯ ರೇಣುಕಳ ಮನೆಗೆ ಹೋದರು. ರೇಣುಕ ಹೂವು ಕಟ್ಟಿ ಮಾರುವವಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಓದಿಕೊಂಡು ಗುಮಾಸ್ತೆಯ ಹುದ್ದೆಗೆ ಪರೀಕ್ಷೆ ಬರೆಯುತ್ತಿದ್ದಳು. ಹಿಂದೆ ಎರಡು ಸಲ ಬರೆದಿದ್ದಳು. ವಯಸ್ಸಿನ ಮಿತಿಯ ಲೆಕ್ಕದಲ್ಲಿ ಇದೇ ಕೊನೆಯದು. ಅವತ್ತು ಹತ್ತು ಗಂಟೆಗೆ ದಾವಣಗೆರೆಯಲ್ಲಿ ಪರೀಕ್ಷೆ.

ರೇಣುಕ ತಲೆಗೆ ಎಣ್ಣೆ ಹಚ್ಚಿಕೊಂಡು ನಿಧಾನವಾಗಿ ಬಾಚುತ್ತಿದ್ದಳು.

“ಇನ್ನೂ ಸ್ನಾನ ಆಗಿಲ್ವೇನೇ? ಎಂಟಕ್ಕೆ ಸ್ಪೆಷಲ್ ಬಸ್ಸಲ್ವಾ?”

“ಈಗಿನ್ನೂ ಆರು ಗಂಟೆ ಅಕ್ಕ.”

ದಾಕ್ಷಾಯಣಮ್ಮ ಕೈಗಡಿಯಾರ ನೋಡಿಕೊಂಡರು. ಏಳು. ರೇಣುಕಳ ಗೋಡೆ ಗಡಿಯಾರ ನೋಡಿದರು. ಆರು.

“ಇದು ಹಿಂದೈತಿ.”

“ಹಿಂದಕ್ಕೆ ಇಟ್ಟೀನಿ. ನಿನ್ನೆ ನೀವೇ ಹೇಳಿದ್ರಲ್ಲ. ಬೇಸಿಗೆ ಸಮಯ ಮುಗೀತು, ಇವತ್ತು ರಾತ್ರಿಯಿಂದ ದೇಶದ ಎಲ್ಲಾ ಗಡಿಯಾರ ಒಂದು ಗಂಟೆ ಹಿಂದಕ್ಕೆ ಇಡಬೇಕು ಅಂತ. ಫೋನಿನ್ನೂ ಹಳೇ ಟೈಮ್ ತೋರಿಸ್ತಿತ್ತು. ಅದಕ್ಕೆ ಗೊತ್ತಾಗಿಲ್ಲ ಅಂತ ಅದರದ್ದೂ ಬದಲಾಯಿಸಿದೆ.”

ದಾಕ್ಷಾಯಣಮ್ಮ ಅಲ್ಲೇ ಇದ್ದ ಹೂವಿನ ಬುಟ್ಟಿಯ ಪಕ್ಕ ಕೂತರು. ಜರ್ಮನಿಯಲ್ಲಿ ಚಳಿಗಾಲಕ್ಕೆ ಗಡಿಯಾರ ಹಿಂದಕ್ಕೆ ಇಡುತ್ತಾರೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಆದರೆ ಏನು ನಡೆದಿದೆ ಅನ್ನುವುದು ಗೊತ್ತಾಯಿತು. ಕೈಯಲ್ಲಿರುವ ಫೋನನ್ನು ನಂಬದೆ ಈ ಹುಡುಗಿ ತನ್ನ ಧ್ವನಿಯನ್ನು ನಂಬಿದ್ದಾಳೆ.

“ರೇಣುಕಾ, ಈಗ ಏಳು ಗಂಟೆ. ನೀರು ಕಾಯಿಸಬೇಡ, ತಣ್ಣೀರೇ ಸುರ್ಕೊ. ನಿನ್ನ ಜೊತೆ ಊರಿಂದ ಎಷ್ಟು ಜನ ಬರೀತಾರೆ?”

“ನಾನೂರರ ಮೇಲೆ ಅಂತಾರೆ.”

“ಗೇಟು ಎಷ್ಟಕ್ಕೆ ಹಾಕ್ತಾರೆ?”

“ಒಂಬತ್ತೂವರೆಗೆ.”

ಲೆಕ್ಕ ಕಷ್ಟದ್ದಲ್ಲ. ಟಿವಿ ನಂಬಿದವರ ಎಂಟು ಗಂಟೆ ಅಂದರೆ ನಿಜವಾದ ಒಂಬತ್ತು. ಬಸ್ಸು ತುಂಬಿ ಹೊರಟು ದಾವಣಗೆರೆ ಮುಟ್ಟುವ ಹೊತ್ತಿಗೆ ಗೇಟಿಗೆ ಬೀಗ.

ದಾಕ್ಷಾಯಣಮ್ಮ ಬಸ್ ನಿಲ್ದಾಣಕ್ಕೆ ಹೋದರು. ಕಂಟ್ರೋಲರ್ ತಿಪ್ಪೇಸ್ವಾಮಿ ಅವರನ್ನು ನೋಡಿ ಎದ್ದು ನಿಂತ. ಬಸ್ಸುಗಳು ನಿಂತಿದ್ದವು, ಡ್ರೈವರುಗಳು ಇರಲಿಲ್ಲ. ಅವರೂ ಟಿವಿ ನೋಡಿದ್ದರು. ಅವನು ಒಬ್ಬೊಬ್ಬರಿಗೂ ಫೋನ್ ಮಾಡಿ ಎಬ್ಬಿಸತೊಡಗಿದ. ದಾಕ್ಷಾಯಣಮ್ಮ ನಾಲ್ಕು ವರ್ಷದ ಮೇಲೆ ಮತ್ತೆ ಆ ಮೈಕಿನ ಮುಂದೆ ಕೂತು, ಸಮಯ ಏಳು ಹತ್ತು, ಗಡಿಯಾರ ಸರಿಪಡಿಸಿಕೊಳ್ಳಿ ಅಂತ ಹೇಳಿದರು.

ಬೆಂಚಿನ ಮೇಲಿದ್ದ ಒಬ್ಬ ಪಕ್ಕದವನಿಗೆ ಅಂದ: “ಇದು ಹಳೇ ರೆಕಾರ್ಡು. ಹೊಸಾದು ನಿನ್ನೆ ಟಿವಿಯಾಗ ಬಂತು.”

ಮೈಕು ನಿಲ್ದಾಣದ ಗೋಡೆ ದಾಟುತ್ತಲೂ ಇರಲಿಲ್ಲ. ಕಸದ ಗಾಡಿಯ ಮೈಕಿನಲ್ಲಿ ಹೇಳಿಸೋಣ ಅಂದರೆ ಗಾಡಿಯೇ ಒಂದು ಗಂಟೆ ತಡ. ಉಳಿದದ್ದು ಟಿವಿ. ಏಳೂಕಾಲಿಗೆ ದಾಕ್ಷಾಯಣಮ್ಮ ಆಟೊ ಹಿಡಿದು ಪಂಚಾಕ್ಷರಯ್ಯನವರ ಬಾಗಿಲು ತಟ್ಟಿದರು. ಇಲಿಯಾಸನನ್ನೂ ಕರೆಸಿದರು.

ವಿಷಯ ಕೇಳಿ ಪಂಚಾಕ್ಷರಯ್ಯನವರ ಮುಖ ಇಳಿಯಿತು. “ಅಲ್ಲಿ ಇದ್ದಾಗ ನಾನೇ ಎರಡು ದಿನ ಕಾರ್ಖಾನೆಗೆ ಒಂದು ಗಂಟೆ ಮೊದಲು ಹೋಗಿ ಚಳಿಯಾಗ ನಿಂತಿದ್ದೆ” ಅಂದರು.

“ಅದನ್ನ ಆಮೇಲೆ ಹೇಳ್ರಿ. ಮೈಕು ಕೊಡ್ರಿ, ನಾನು ಮಾತಾಡ್ತೀನಿ.”

“ಮೈಕು ಪೆಟ್ಟಿಗೆಯೊಳಗೈತಿ ಅಕ್ಕ. ಪೆಟ್ಟಿಗೆ ಕನ್ನಡ ಕೇಳಿಸಿಕೊಳ್ಳಂಗಿಲ್ಲ. ಇವಳು ಅಡುಗೆಮನೆಯಿಂದ ಬೈದದ್ದು ಒಂದ್ಸಲ ಊರಿಗೆಲ್ಲ ಹೋಗಿಬಿಡ್ತು. ಅದಕ್ಕೆ ಕನ್ನಡ ಕಿವಿಗೆ ಬಿದ್ರೆ ಬಾಯಿ ಮುಚ್ಕೊಂಡಿರು ಅಂತ ಕಲಿಸೀನಿ.”

“ಯಾವ ಭಾಷೆ ಕೇಳ್ತೈತಿ?”

“ಜರ್ಮನ್.”

ಇಲಿಯಾಸ್ ಪರದೆಯ ಕೆಳಗೆ ಅಕ್ಷರದಲ್ಲಿ ಬರೆದು ಹಾಕಿದ. ಕಿಟಕಿಯಿಂದ ನೋಡಿದರೆ ಎದುರು ಮನೆಯವರು ಟಿವಿಗೆ ಬೆನ್ನು ಮಾಡಿ ಹಲ್ಲು ಉಜ್ಜುತ್ತಿದ್ದರು.

“ಹಂಗಾದ್ರೆ ನೀವೇ ಜರ್ಮನ್ನಿನಾಗ ಹೇಳ್ರಿ” ಅಂದರು ಸರ್ವಮಂಗಳ ಗಂಡನಿಗೆ.

“ಹೇಳಬಹುದು. ನನ್ನ ಧ್ವನಿಯಾಗ ಬರ್ತೈತಿ.”

ಆ ಧ್ವನಿ ವಾರವಾರವೂ ಕಳ್ಳತನ ಮಾಡಿ ಸಿಕ್ಕಿಬೀಳುವುದನ್ನು ಊರು ನೋಡಿತ್ತು.

“ನನಗೆ ಹೇಳಿಕೊಡ್ರಿ” ಅಂದರು ದಾಕ್ಷಾಯಣಮ್ಮ.

ಪಂಚಾಕ್ಷರಯ್ಯನವರು ಕಣ್ಣು ಮುಚ್ಚಿ ನಲವತ್ತು ವರ್ಷ ಹಿಂದಿನದನ್ನು ಹುಡುಕಿದರು. “ಡೀ ಊರ್ ಇಸ್ಟ್ ಫಾಲ್ಶ್.”

“ಊರೇ ಸುಳ್ಳು ಅಂತಾನಾ?”

“ಊರ್ ಅಂದ್ರೆ ಗಡಿಯಾರ. ಗಡಿಯಾರ ತಪ್ಪೈತಿ ಅಂತ. ಆಮೇಲೆ, ಬಿಟ್ಟೆ, ಐನೆ ಶ್ಟುಂಡೆ ಫೋರ್. ದಯವಿಟ್ಟು ಒಂದು ಗಂಟೆ ಮುಂದಕ್ಕೆ.”

“ಬಿಟ್ಟೆ ಎಲ್ಲಿ ಬಂತು?”

“ಬಿಟ್ಟೆ ಅಂದ್ರೆ ದಯವಿಟ್ಟು ಅಕ್ಕ.”

ಏಳೂವರೆಗೆ ದಾಕ್ಷಾಯಣಮ್ಮ ಪೆಟ್ಟಿಗೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತರು. ಇಲಿಯಾಸ್ ಬೆಟ್ಟಗಳ ವಾದ್ಯ ನಿಲ್ಲಿಸಿದ. ಅವರು ಹೇಳಿದರು. ಎರಡು ಕ್ಷಣ ಬಿಟ್ಟು ಎದುರು ಮನೆಯ ಟಿವಿಯಿಂದ ಅವರದೇ ಧ್ವನಿ ಗಂಭೀರವಾಗಿ ಕೇಳಿಸಿತು:

“ಪ್ರಯಾಣಿಕರ ಗಮನಕ್ಕೆ. ತಪ್ಪು.”

ಅಷ್ಟೇ. ಎದುರು ಮನೆಯ ಗಂಡಸು ಬ್ರಶ್ಶನ್ನು ಬಾಯಿಂದ ತೆಗೆದು ಹೆಂಡತಿಯ ಮುಖ ನೋಡಿದ.

“ಊರು, ಬಿಟ್ಟೆ, ಎರಡನ್ನೂ ಕನ್ನಡ ಅಂತ ತಿಳ್ಕೊಂಡು ಉಳಿದದ್ದೂ ನುಂಗಿಬಿಡ್ತು” ಅಂದರು ಪಂಚಾಕ್ಷರಯ್ಯ. “ನನ್ನ ಉಚ್ಚಾರಣೆಯೇ ಸರಿ ಇಲ್ಲ.”

“ಅವರು ಹೆಂಗೆ ಅಂತಾರೆ, ಒಂದ್ಸಲ ಕೇಳಿಸ್ರಿ.”

ಶನಿವಾರದ ವಾರ್ತೆಯ ಮೂಲ ಇಲಿಯಾಸನ ಬಳಿ ಇತ್ತು. ನೀಲಿ ಕೋಟಿನ ಹೆಂಗಸು ಗಡಿಯಾರದ ವಿಷಯ ಹೇಳುವುದನ್ನು ಅವನು ಜರ್ಮನ್ನಿನಲ್ಲೇ ಹಾಕಿದ. ದಾಕ್ಷಾಯಣಮ್ಮ ಅವಳ ತುಟಿಯನ್ನೇ ನೋಡಿದರು. ಬುಕ್ಕಾಂಬುಧಿ, ಗುತ್ತೂರು, ಹಳೇಬಾತಿ, ಯಾವ ಊರಿನ ಹೆಸರನ್ನೂ ಆ ಊರಿನವರು ಹೇಳುವ ಹಾಗೇ ಹೇಳಬೇಕು ಅನ್ನುವುದು ಅವರು ಮೂವತ್ತೊಂದು ವರ್ಷ ಪಾಲಿಸಿದ ನಿಯಮ. ಆ ಹೆಂಗಸು ಊರ್ ಅನ್ನುತ್ತಿರಲಿಲ್ಲ. ಕೊನೆಗೆ ರಕಾರವೇ ಇರಲಿಲ್ಲ. ಊ ಅಂತ ಎಳೆದು ಗಂಟಲಲ್ಲಿ ಸ್ವಲ್ಪ ಉಸಿರು ಬಿಡುತ್ತಿದ್ದಳು, ಊಅ. ಬಿಟ್ಟೆಯಲ್ಲಿ ಟಕಾರಕ್ಕೆ ನಾಲಿಗೆ ಮಡಿಚುತ್ತಿರಲಿಲ್ಲ, ಹಲ್ಲಿನ ಹಿಂದೆ ತಾಗಿಸುತ್ತಿದ್ದಳು. ದಾಕ್ಷಾಯಣಮ್ಮ ಒಂದು ಸಲ ಮನಸ್ಸಿನಲ್ಲಿ, ಒಂದು ಸಲ ಪಿಸುಮಾತಿನಲ್ಲಿ ಹೇಳಿಕೊಂಡರು. ಆಮೇಲೆ ಪೆಟ್ಟಿಗೆಗೆ ಹೇಳಿದರು.

“ಪ್ರಯಾಣಿಕರ ಗಮನಕ್ಕೆ. ಗಡಿಯಾರ ತಪ್ಪಾಗಿದೆ. ದಯವಿಟ್ಟು ಒಂದು ಗಂಟೆ ಮುಂದಕ್ಕೆ ಇಡಿ.”

ಎದುರು ಮನೆಯವನು ಕುರ್ಚಿ ಹತ್ತಿ ಗೋಡೆಗೆ ಕೈ ಹಾಕಿದ. ಸರ್ವಮಂಗಳ ದಾಕ್ಷಾಯಣಮ್ಮನ ಬೆನ್ನು ಸವರಿದರು. ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು.

ಆದರೆ ಯಾವ ಪ್ರಕಟಣೆಯನ್ನಾದರೂ ಎರಡು ಸಲ ಹೇಳಬೇಕು ಅನ್ನುವುದು ಬಸ್ ನಿಲ್ದಾಣದ ನಿಯಮ. ದಾಕ್ಷಾಯಣಮ್ಮ ಒಂದು ದಿನವೂ ಅದನ್ನು ಮುರಿದವರಲ್ಲ. ಉಸಿರು ತೆಗೆದುಕೊಂಡು ಅದನ್ನೇ ಇನ್ನೊಂದು ಸಲ, ಮೊದಲಿಗಿಂತ ಸ್ಪಷ್ಟವಾಗಿ ಹೇಳಿದರು.

ಎದುರು ಮನೆಯವನು ಕುರ್ಚಿಯಿಂದ ಇಳಿದಿದ್ದವನು ಮತ್ತೆ ಹತ್ತಿದ.

ಪರೀಕ್ಷೆಯ ವಿಷಯ ಮಾತ್ರ ಸುಸೂತ್ರವಾಯಿತು. ಒಂದು ಸಲ ಕೇಳಿದವರು ಓಡುತ್ತಾ ಬಂದರು; ಎರಡು ಸಲ ಕೇಳಿದವರು ಬಸ್ಸು ತಪ್ಪಿಯೇಹೋಯಿತು ಅಂತ ಅಳುತ್ತಾ ಬಂದರು. ಬೆಳಗ್ಗೆ ಟಿವಿ ಹಾಕದೆ ಮಲಗಿದ್ದವರನ್ನು ಅಕ್ಕಪಕ್ಕದವರು ಎಬ್ಬಿಸಿ ತಂದರು. ಎಂಟಕ್ಕೆ ತಿಪ್ಪೇಸ್ವಾಮಿ ಏಳು ಬಸ್ಸು ಬಿಟ್ಟ. ಮೊದಲ ಬಸ್ಸಿನ ಕಿಟಕಿಯಲ್ಲಿ ರೇಣುಕ ಒದ್ದೆ ತಲೆಯಲ್ಲೇ ಕೂತಿದ್ದಳು. ದಾಕ್ಷಾಯಣಮ್ಮ ನಿಲ್ದಾಣದ ಕಂಬಕ್ಕೆ ಒರಗಿ ನಿಂತು ಕೊನೆಯ ಬಸ್ಸು ತಿರುವು ದಾಟುವವರೆಗೂ ನೋಡಿದರು. ಮನೆಗೆ ಹೋಗಿ ಮಲಗಿಬಿಟ್ಟರು. ಯಾರ ಗಡಿಯಾರದಲ್ಲಿ ಎಷ್ಟು ಗಂಟೆಯಾದರೂ ಏಳುವುದಿಲ್ಲ ಅಂತ ತೀರ್ಮಾನಿಸಿದ್ದರು.

ಅವತ್ತು ದಿನವಿಡೀ ಹರಿಹರದಲ್ಲಿ ಮೂರು ಸಮಯ ನಡೆದವು: ಒಂದು ಸರಿಯಾದದ್ದು, ಒಂದು ಒಂದು ಗಂಟೆ ಹಿಂದಿನದು, ಇನ್ನೊಂದು ಒಂದು ಗಂಟೆ ಮುಂದಿನದು. ಕಲ್ಯಾಣ ಮಂಟಪವೊಂದರಲ್ಲಿ ಗೃಹಪ್ರವೇಶದ ಊಟಕ್ಕೆ ಒಂದು ಪಾಲು ಜನ ಹನ್ನೊಂದೂವರೆಗೆ ಬಂದರು, ಒಂದು ಪಾಲು ಹನ್ನೆರಡೂವರೆಗೆ, ಉಳಿದವರು ಒಂದೂವರೆಗೆ. ಮೂರು ಪಂಕ್ತಿಗೂ ಜಾಗ ಸರಿಹೋಯಿತು. ಎಲೆಗೆ ನೂಕುನುಗ್ಗಲಾಗದ ಊಟ ತನ್ನ ಜೀವನದಲ್ಲಿ ಇದೇ ಮೊದಲು ಅಂದ ಅಡುಗೆ ಭಟ್ಟ. ಕ್ಷೌರದಂಗಡಿಯವನು ಬಾಗಿಲು ತೆರೆದಾಗ ಒಬ್ಬ ಗಿರಾಕಿ ಬೇಗ ತೆಗೆದೆ ಅಂದ, ಇನ್ನೊಬ್ಬ ತಡ ಮಾಡಿದೆ ಅಂದ. ಇಬ್ಬರೂ ದಾಕ್ಷಾಯಣಮ್ಮನ ಹೆಸರು ಹೇಳಿದರು.

ಸಂಜೆ ಪಂಚಾಕ್ಷರಯ್ಯನವರು ತಾವಾಗಿಯೇ ಗೋಡೆಯಾಚೆಯ ವೈರು ಕಿತ್ತರು. ಇಲಿಯಾಸನ ಮೈಕು ವಾಪಸು ಹೋಯಿತು. ಕುರ್ಚಿ ಉಜ್ಜುವ ಮುದುಕ ಎಲ್ಲಿ ಹೋದ ಅಂತ ಕೇಳಿಕೊಂಡು ಹನ್ನೆರಡು ಜನ ಹೆಂಗಸರು ಮನೆಗೆ ಬಂದರು. ಸರ್ವಮಂಗಳ ಅವರನ್ನು ಒಳಗೆ ಕೂರಿಸಿದರು.

ಸೋಮವಾರ ಬೆಳಗ್ಗೆ ರೇಣುಕ ಮಲ್ಲಿಗೆ ಮಾಲೆ ತಂದುಕೊಟ್ಟು, ಎರಡೇ ಪ್ರಶ್ನೆ ಬಿಟ್ಟೆ ಅಕ್ಕ ಅಂದು ಹೋದಳು. ಅವಳ ಹಿಂದೆಯೇ ತಿಪ್ಪೇಸ್ವಾಮಿ ಬಂದ. ದೂರು ಹೇಳಲು ಬಂದಿರಬೇಕು ಅಂದುಕೊಂಡು ದಾಕ್ಷಾಯಣಮ್ಮ ಬಾಗಿಲಲ್ಲೇ ತಪ್ಪೊಪ್ಪಿಕೊಂಡರು. ಮೂವತ್ತೊಂದು ವರ್ಷ ಉಳಿಸಿಕೊಂಡದ್ದು ಒಂದು ಬೆಳಗ್ಗೆ ಹೋಯಿತು, ಎರಡನೇ ಸಲ ಹೇಳಬಾರದಿತ್ತು ಅಂದರು.

ತಿಪ್ಪೇಸ್ವಾಮಿ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

“ಅಕ್ಕ, ನಿಮ್ಮ ಮಾತು ಎರಡು ಸಲ ಕೇಳಿದೋರು ನಿನ್ನೆ ನಮ್ಮ ನಿಲ್ದಾಣದಾಗ ಒಬ್ಬರೂ ಬಸ್ ತಪ್ಪಿಸಿಕೊಳ್ಳಲಿಲ್ಲ. ಅರ್ಧಕ್ಕರ್ಧ ಜನ ಒಂದು ಗಂಟೆ ಮೊದಲೇ ಬಂದು, ಬಸ್ ಹೋಗೇಬಿಟ್ಟೈತಿ ಅಂತ ಹೆದರಿಕೊಂಡು ಬೆಂಚಿನ ಮೇಲೆ ಸುಮ್ಮನೆ ಕೂತಿದ್ರು. ಜಗಳ ಇಲ್ಲ, ನೂಕಾಟ ಇಲ್ಲ. ಡಿಪೋ ಮ್ಯಾನೇಜರು ಕೇಳಿಕೊಂಡು ಬಾ ಅಂದ್ರು, ತಿಂಗಳಿಗೊಂದ್ಸಲ ಬಂದು ಹಂಗೇ ಎರಡು ಸಲ ಹೇಳಿಬಿಡ್ತೀರಾ?”

ದಾಕ್ಷಾಯಣಮ್ಮ ಮಲ್ಲಿಗೆ ಮಾಲೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು.

“ಯಾವ ಭಾಷೆಯಾಗ?” ಅಂದರು.